ಕಾರ್ಗಿಲ್‌ಗೆ ಹೋಗದ ನಮ್ಮ ಮಿಲ್ಟ್ರಿ

ನಮ್ಮ ಕಡೆ ಸೈನ್ಯಕ್ಕೆ ಸೇರಿದವನು ಮೊದಲು ಕಳಕೊಳ್ಳುವುದು ತನ್ನ ಹೆಸರನ್ನು. ಭರ್ತಿಯಾಗಿ ಮೊದಲ ಸೂಟಿಗೆ ಬಂದನೆಂದರೆ ಮುಗಿಯಿತು, ಅಪ್ಪ-ಅವ್ವ ಇಟ್ಟ ಹೆಸರು ರೇಷನ್ ಕಾರ್ಡಿಗೆ ಮೀಸಲು. ಊರವರ ಬಾಯಲ್ಲಿ ಅವನು ಮಿಲ್ಟ್ರಿ, ಅವನ ಮನೆ ಮಿಲ್ಟ್ರಿ ಮನಿ, ಅವನ ಎಮ್ಮೆ ಯಾರದಾದರೂ ಹೊಲಕ್ಕೆ ನುಗ್ಗಿದರೆ ಅದೂ ಮಿಲ್ಟ್ರಿ ಎಮ್ಮಿ. ಹೂವಿನ ಹಿಪ್ಪರಗಿಯ ಶಾಲೆಯಲ್ಲಿ ನನ್ನ ಮಗ್ಗುಲಲ್ಲೇ ಕೂತು ಕಲಿತ ಗೆಳೆಯನಿಗೂ ಹಾಗೇ ಆಯಿತು. ಹೋದ ಶ್ರಾವಣದಲ್ಲಿ "ಮಿಲ್ಟ್ರಿ ಹ್ವಾದ" ಎಂದೇ ಫೋನು ಬಂತು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಹೆಸರು ಹೇಳಿದರೆ ಅವನ ಓಣಿಯವರಿಗೇ ಗುರುತು ಹತ್ತಲಿಕ್ಕಿಲ್ಲ.

ವಿಳಾಸದ ವಿಷಯದಲ್ಲಿ ನಮ್ಮೂರವರು ಮೊದಲೇ ಪೆಟ್ಟು ತಿಂದವರು. ಆಗ ಸಿಂದಗಿ ತಾಲೂಕಿನಲ್ಲಿದ್ದು ಈಗ ಸ್ವತಃ ತಾಲೂಕಾಗಿರುವ ದೇವರ ಹಿಪ್ಪರಗಿ ಒಂದು ಕಡೆ, ಬಸವನ ಬಾಗೇವಾಡಿ ತಾಲೂಕಿನ ನಾವು ಇನ್ನೊಂದು ಕಡೆ. ಬರೆಯುವವರು ಅವಸರದಲ್ಲಿ ಬರೀ 'ಹಿಪ್ಪರಗಿ, ಜಿಲ್ಲಾ ಬಿಜಾಪುರ' ಎಂದು ಗೀಚಿದರೆ ಹೂವಿಗೆ ಬರಬೇಕಾದದ್ದು ದೇವರಿಗೆ ಸಲ್ಲುತ್ತದೆ. ಕನ್ಯಾ ನೋಡಲು ಹೊರಟ ಬೀಗರು ಆ ಹಿಪ್ಪರಗಿಗೆ ಹೋಗಿ, ಯಾರದೋ ಮನೆಯಲ್ಲಿ ಚಹಾ-ಚುನಮರಿ ಮುಗಿಸಿದ ಮೇಲೆ "ನಿಮ್ಮ ಹುಡುಗಿ ಎಲ್ಲಿ" ಎಂದು ಕೇಳಿದ ಕತೆಯನ್ನು ನಮ್ಮ ಕಟ್ಟೆಯ ಮೇಲೆ ಇಂದಿಗೂ ಹೇಳುತ್ತಾರೆ. ಸುಳ್ಳಿದ್ದರೂ ಇರಬಹುದು, ಆದರೆ ಹೇಳುವವರ ಧಾಟಿ ಚೆನ್ನಾಗಿದೆ.

ಮಿಲ್ಟ್ರಿಯ ವಿಳಾಸ ಇದಕ್ಕಿಂತ ಮಜಾ. ನಂಬರು, ಹೆಸರು, ಪಲ್ಟಣ, ಕೊನೆಗೆ '56 ಎಪಿಓ'. ಊರಿಲ್ಲ, ಜಿಲ್ಲೆಯಿಲ್ಲ. ಅವನ ಅಪ್ಪನನ್ನು ನಾನು ಕಾಕಾ ಎನ್ನುತ್ತಿದ್ದೆ. ಐವತ್ತಾರು ಎಪಿಓ ಎನ್ನುವುದೊಂದು ದೊಡ್ಡ ಪ್ಯಾಟಿ ಊರೆಂದು ಕಾಕಾ ಬಹಳ ವರ್ಷ ನಂಬಿದ್ದರು. ನೀಲಿ ಇನ್‌ಲ್ಯಾಂಡ್ ಬಂದಾಗ ಓದಿ ಹೇಳುವ ಕೆಲಸ ನನ್ನದು. "ಅಲ್ಲಿ ಮಳಿ-ಬೆಳಿ ಹ್ಯಾಂಗದಾವ ಅಂತ ಬರದಾನೇನು?" ಎಂದು ಕೇಳುವರು. ಪಲ್ಟಣ ಎಲ್ಲಿದೆ ಎಂಬುದು ವೈರಿಗೆ ತಿಳಿಯದಿರಲೆಂದು ಮಾಡಿದ ಏರ್ಪಾಡದು. ಹೆತ್ತಪ್ಪನಿಗೂ ತಿಳಿಯುತ್ತಿರಲಿಲ್ಲ. ನಾನು ತೋಚಿದಂತೆ "ಚಲೋ ಮಳಿ ಆಗ್ಯದಂತ" ಎಂದುಬಿಡುತ್ತಿದ್ದೆ. ಕಾಕಾ ಡೋಣಿ ಹೊಳೆ ಸಾಲಿನ ಮೋಡ ನೋಡಿ ನಿಟ್ಟುಸಿರು ಬಿಡುವರು.

ನಮ್ಮ ಜಿಲ್ಲೆಯ ಹುಡುಗರಿಗೆ ಸೈನ್ಯಕ್ಕೆ ಎರಡು ಬಾಗಿಲು. ಒಂದು ವಿಜಯಪುರದ ಸೈನಿಕ ಶಾಲೆ. 1963ರಲ್ಲಿ ಶುರುವಾದದ್ದು. ಅಲ್ಲಿ ಓದಿ, ಪುಣೆಯ ಹತ್ತಿರ ಖಡಕ್‌ವಾಸಲಾ ಮುಟ್ಟಿ, ಆಫೀಸರ್ ಆಗುವ ಬಾಗಿಲು. ಇನ್ನೊಂದು ಬೆಳಗಾವಿ, ಮರಾಠಾ ಲೈಟ್ ಇನ್ಫಂಟ್ರಿಯ ಕೇಂದ್ರ ಇರುವ ಊರು. ನಮ್ಮ ಮಿಲ್ಟ್ರಿ ಮೊದಲನೆಯದನ್ನೂ ತಟ್ಟಿದ್ದ. ಆರನೆಯ ಇಯತ್ತೆಯ ಪ್ರವೇಶ ಪರೀಕ್ಷೆಯ ಗಣಿತ ಅವನನ್ನು ಒಳಗೆ ಬಿಡಲಿಲ್ಲ. ಎರಡನೆಯದಕ್ಕೆ ಗಣಿತ ಅಷ್ಟು ಬೇಕಿರಲಿಲ್ಲ, ಓಡಬೇಕಿತ್ತು. 1600 ಮೀಟರ್ ಓಟ, ಒಂಬತ್ತು ಫೂಟಿನ ಕಂದಕ ಜಿಗಿತ, ಎದೆ ಉಬ್ಬಿಸಿದರೆ 5 ಸೆಂಟಿಮೀಟರ್ ಹಿಗ್ಗಬೇಕು. ಅವನು ಮಳೆ ನಿಂತ ಮರುದಿನವೇ ಎರಿ ಹೊಲದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ. ನಮ್ಮ ಎರಿ ಮಣ್ಣು ಗೊತ್ತಿದ್ದವರಿಗೆ ಇದರ ಕಷ್ಟ ಗೊತ್ತು, ಹತ್ತು ಹೆಜ್ಜೆಗೆ ಕಾಲಿಗೊಂದು ಸೇರು ಮಣ್ಣು ಮೆತ್ತುತ್ತದೆ. "ಇದರಾಗ ಓಡಿದವಗ ಬೆಳಗಾವಿ ಮೈದಾನ ಗಾದಿ ಇದ್ದಂಗ ದೋಸ್ತ" ಎನ್ನುತ್ತಿದ್ದ. ಭರ್ತಿಯಾದ.

ಸೂಟಿಗೆ ಬಂದಾಗ ಕರಿ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಒಳಗೆ ಅವ್ವನಿಗೆ ಕಂಬಳಿ, ಕಾಕಾಗೆ ಸ್ವೆಟರು, ದೋಸ್ತರಿಗೆ ಏನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮಾತಿನಲ್ಲಿ ಹಿಂದಿ, ಮರಾಠಿ, ನಡುನಡುವೆ ನಮ್ಮ ಬೈಗಳು. ಊರು ಕಾಯುತ್ತಿದ್ದದ್ದು ಮಾತ್ರ ಯುದ್ಧದ ಕತೆಗೆ. ಅವನು ಹೇಳುತ್ತಿದ್ದದ್ದು ಊಟದ ಕತೆ. ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬ್ಯಾರಕ್ ಮುಟ್ಟಿದ ರಾತ್ರಿಯೇ ಸಾತಾರಾ, ಕೊಲ್ಹಾಪುರ ಕಡೆಯ ಗೆಳೆಯರ ಕೈಯಲ್ಲಿ ಹೇಗೆ ಖಾಲಿಯಾಯಿತೆಂದು ಒಂದು ತಾಸು ಹೇಳುವನು. "ಗುಂಡು ಹಾರಿಸೀಯೇನಪಾ?" ಎಂದು ಯಾರಾದರೂ ಕೇಳಿದರೆ, "ಹಾರಿಸೀನಿ, ಪ್ರ್ಯಾಕ್ಟೀಸಿನ್ಯಾಗ" ಎನ್ನುವನು. ಕಟ್ಟೆಗೆ ಬಹಳ ನಿರಾಶೆ.

1999 ಬಂತು. ಆಗವನು ನಾಗಾಲ್ಯಾಂಡಿನಲ್ಲಿದ್ದ. ಊರೆಲ್ಲ ಟಿ.ವಿ. ಮುಂದೆ ಕೂತು ಕಾರ್ಗಿಲ್ ನೋಡುತ್ತಿತ್ತು. ಹಿಮದಲ್ಲಿ ಯಾರ ಬೆನ್ನು ಕಂಡರೂ "ಇಂವ ನಮ್ಮಂವನs" ಎನ್ನುವರು. ಯುದ್ಧ ಮುಗಿದ ಮೇಲೆ ಸೂಟಿಗೆ ಬಂದವನನ್ನು ಬಸ್‌ಸ್ಟ್ಯಾಂಡಿನಲ್ಲೇ ಹಿಡಿದು ಚೆಂಡುಹೂವಿನ ಹಾರ ಹಾಕಿ, ಹಲಗೆ ಬಾರಿಸಿ ಮೆರವಣಿಗೆ ಮಾಡಿದರು. "ನಾ ನಾಗಾಲ್ಯಾಂಡದಾಗ ಇದ್ದೆರ್ಯೋ" ಎಂದು ಪಾಪ ಕೂಗಿಯೇ ಕೂಗಿದ. ಹಲಗೆ ಸಪ್ಪಳದಲ್ಲಿ ಯಾರಿಗೆ ಕೇಳಬೇಕು? ಕೇಳಿದ ಹಿರಿಯರೊಬ್ಬರು, "ಅದೂ ಅಲ್ಲೇ ಬಾಜೂಕ ಬರ್ತದ ತಗೋ" ಎಂದು ಭೂಗೋಳವನ್ನೇ ಸರಿಮಾಡಿದರು. ಮುಂದಿನ ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಭಾಷಣ ಮಾಡಿಸಿದರೆ, ಉಗುರು ಕತ್ತರಿಸಿಕೊಳ್ಳುವುದರ ಬಗ್ಗೆ ಹತ್ತು ನಿಮಿಷ ಮಾತಾಡಿ ಇಳಿದ. ನನಗಂತೂ ಅದು ಒಳ್ಳೆಯ ಭಾಷಣವೆಂದೇ ಅನಿಸಿತು.

ನಿಜವಾಗಿ ಕಾರ್ಗಿಲ್ ಕಂಡವರೊಬ್ಬರು ಅವನನ್ನು ಒಳಗೆ ಬಿಡದ ಆ ಸೈನಿಕ ಶಾಲೆಯಲ್ಲೇ ಓದಿದ್ದರು, ಕರ್ನಲ್ ಎಂ.ಬಿ. ರವೀಂದ್ರನಾಥ್. 2ನೇ ರಜಪೂತಾನಾ ರೈಫಲ್ಸ್‌ನ ಮುಖ್ಯಸ್ಥರು. ದ್ರಾಸ್ ಮೇಲಿನ ತೋಲೋಲಿಂಗ್ ಶಿಖರದಿಂದ ಶ್ರೀನಗರ-ಲೇಹ್ ರಸ್ತೆ ಅಂಗೈಯಲ್ಲಿದ್ದಂತೆ ಕಾಣುತ್ತದೆ. ಮೇಲೆ ಕೂತವನು ಕೆಳಗಿನ ಪ್ರತಿ ಲಾರಿಗೂ ಗುರಿ ಇಡಬಹುದು. 18ನೇ ಗ್ರೆನೇಡಿಯರ್ಸ್ ವಾರಗಟ್ಟಲೆ ಹೆಣಗಿ, ಬಹಳ ಜನರನ್ನು ಕಳಕೊಂಡಿತ್ತು. ಆಮೇಲೆ ಇವರ ಪಲ್ಟಣ ಹತ್ತಿ ಜೂನ್ 13ಕ್ಕೆ ಅದನ್ನು ಗೆದ್ದುಕೊಂಡಿತು. ಆ ಯುದ್ಧದ ಮೊದಲ ದೊಡ್ಡ ಗೆಲುವು ಅದು. ಅವರಿಗೆ ವೀರಚಕ್ರ ಬಂತು. ಅಂಥವರು 2018ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಓಡಲು ಹೋಗಿ ಕುಸಿದು ತೀರಿಕೊಂಡರು. ಪೇಪರಿನಲ್ಲಿ ಅದನ್ನೋದಿ ಮಿಲ್ಟ್ರಿ ನನಗೆ ಫೋನು ಮಾಡಿದ್ದ. "ನೋಡಪಾ, ತೋಲೋಲಿಂಗ್ ಏರಿ ಬಂದವರು..." ಎಂದು ಅರ್ಧಕ್ಕೇ ನಿಲ್ಲಿಸಿದ. ಅವನಿಗೆ ಆಗಲೇ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇದ್ದವು.

ಗಡಿಯಲ್ಲಿ ಸತ್ತರೆ ನಾವು ಚೆನ್ನಾಗಿ ಅಳುತ್ತೇವೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಕುಸಿತದಲ್ಲಿ ಆರು ದಿನ ಹೂತುಹೋಗಿಯೂ ಜೀವಂತ ಸಿಕ್ಕ, ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದರಿಗಾಗಿ ನಾಡೇ ಹರಕೆ ಹೊತ್ತಿತ್ತು. ಅದೇ ಹಿಮದಡಿ ಹೋದ ಹತ್ತು ಮಂದಿಯಲ್ಲಿ ಕನ್ನಡಿಗರು ಇನ್ನಿಬ್ಬರಿದ್ದರು, ಹಾಸನದ ನಾಗೇಶ್, ಮೈಸೂರು ಜಿಲ್ಲೆಯ ಮಹೇಶ್. ಆ ಹೆಸರುಗಳು ಎಷ್ಟು ಜನಕ್ಕೆ ನೆನಪಿವೆಯೋ. ಹಿಮದಲ್ಲಿ ಸತ್ತವರ ಗತಿಯೇ ಇದಾದರೆ, ಪಿಂಚಣಿ ತಗೊಂಡು ಮನೆಯ ಹೊರಸಿನ ಮೇಲೆ ಸಾಯುವ ಹವಾಲ್ದಾರನನ್ನು ಯಾರು ಲೆಕ್ಕಕ್ಕೆ ಹಿಡಿಯಬೇಕು? ಬದುಕಿ ಬರಲಿ ಎಂದು ಹರಕೆ ಹೊರುವವರು ನಾವೇ. ಬದುಕಿ ಬಂದವನನ್ನು ಏನು ಮಾಡಬೇಕೆಂದು ತಿಳಿಯದವರೂ ನಾವೇ.

ನಿವೃತ್ತನಾದ ಮೇಲೆ ಅವನು ಬ್ಯಾಂಕೊಂದರ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ. ಅದನ್ನೂ ಬಿಟ್ಟ ಮೇಲೆ ಊರಲ್ಲಿ ತೊಗರಿ, ಜೋಳ, ಮತ್ತು ಬೆಳಗಿನ ಐದಕ್ಕೆ ಹುಡುಗರ ಓಟ. ತಾಳಿಕೋಟಿ ರಸ್ತೆಯ ಮೇಲೆ ಸೀಟಿ ಊದುತ್ತ ಓಡಿಸುವನು. 2022ರಲ್ಲಿ ಅಗ್ನಿಪಥ ಯೋಜನೆ ಬಂದು ನೌಕರಿ ನಾಲ್ಕೇ ವರ್ಷದ್ದಾದಾಗ ಅರ್ಧ ಹುಡುಗರು ಓಟ ಬಿಟ್ಟರು. ಇವನು ಸಿಟ್ಟಾದದ್ದು ಹುಡುಗರ ಮೇಲಲ್ಲ. "ನಾಲ್ಕ ವರ್ಷದಾಗ ಒಬ್ಬರ ರೊಟ್ಟಿ ಒಬ್ಬರು ಕಸಗೊಂಡ ತಿನ್ನೂ ಸಲಿಗಿನೂ ಬೆಳೆಯೂದಿಲ್ಲ" ಎಂದ. ಯೋಜನೆಯ ಬಗ್ಗೆ ನಾನು ಓದಿದ ಯಾವ ಲೇಖನದಲ್ಲೂ ಈ ಆಕ್ಷೇಪಣೆ ಇರಲಿಲ್ಲ.

ಅವನ ಮಣ್ಣಿನ ದಿನ ವಿಭೂತಿ ಹಚ್ಚಿ ಕೂಡ್ರಿಸಿದ್ದರು. ತೋಪು ಹಾರಲಿಲ್ಲ, ಸರ್ಕಾರದಿಂದ ಯಾರೂ ಬರಲಿಲ್ಲ. ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಮಾಜಿ ಸೈನಿಕರು ನಾಲ್ಕಾರು ಮಂದಿ ಮಾತ್ರ ಹಳೆಯ ಟೊಪ್ಪಿಗೆ ಹಾಕಿಕೊಂಡು ಬಂದು, ಸಾಲಾಗಿ ನಿಂತು ಸಲ್ಯೂಟ್ ಹೊಡೆದರು. ಒಬ್ಬರ ಟೊಪ್ಪಿಗೆ ಸಡಿಲಾಗಿತ್ತು, ಇನ್ನೊಬ್ಬರ ಹೊಟ್ಟೆ ಬೆಲ್ಟಿಗೆ ಬಗ್ಗುತ್ತಿರಲಿಲ್ಲ. ಸಲ್ಯೂಟ್ ಮಾತ್ರ ಒಂದೇ ಏಟಿಗೆ ಬಿತ್ತು.

ದಿನಕರ್ಮ ಮುಗಿದು ಹದಿನೈದು ದಿನ ಆಗಿರಲಿಲ್ಲ, ನಾನು ಅವನ ಹೆಂಡತಿಯನ್ನು, ನಮ್ಮ ವೈನಿಯನ್ನು, ಮಾತಾಡಿಸಲು ಹೋಗಿದ್ದೆ. ಓಣಿಯ ಇಬ್ಬರು ಹಿರಿಯರು ಬಂದು ಕೂತು, ಮಿಲ್ಟ್ರಿ ಎಂಥ ದೇಶಭಕ್ತ ಎಂದು ಬಹಳ ಹೊತ್ತು ಹೊಗಳಿದರು. ಏಳುವಾಗ ಒಬ್ಬರು ಮೆಲ್ಲಗೆ ಕೇಳಿದರು: "ತಂಗಿ, ಆ ಕ್ಯಾಂಟೀನ್ ಕಾರ್ಡು ಇನ್ನೂ ನಡೀತದೇನವಾ?"

ವೈನಿ ಮೊರದಲ್ಲಿನ ಜೋಳದಿಂದ ತಲೆ ಎತ್ತಲಿಲ್ಲ. "ತಾಳಿಕೋಟಿ ರಸ್ತೇದ ಮ್ಯಾಲ ಇನ್ನೂ ಹುಡುಗರು ಓಡತಾವ್ರಿ ಕಾಕಾ" ಎಂದರು. "ನೀವೂ ನಾಳಿಂದ ಐದಕ್ಕ ಹೋಗ್ರಿ, ಭರ್ತಿ ಆಗ್ರಿ."