ಮೂರು ಪ್ರತಿಗಳು

ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಲು ಕುಳಿತಾಗ, ಪಾಠಶಾಲೆಯ ಏಳ್ಗೆಯ ವಿಷಯಗಳನ್ನು ಇತರರಿಗೆ ಬಿಟ್ಟು, ನಮ್ಮಿಂದಾದ ಒಂದು ತಪ್ಪನ್ನು ನಿಮ್ಮ ಮುಂದೆ ಅರಿಕೆ ಮಾಡುವುದೇ ಯುಕ್ತವೆಂದು ತೋರಿತು. ಏಕೆಂದರೆ ಅದು ನಿಮ್ಮ ಹೆಸರುಗಳಿಗೇ ಸಂಬಂಧಪಟ್ಟದ್ದು.

ನಿಮ್ಮೆಲ್ಲರ ಹೆಸರೂ ಜನ್ಮದಿನಾಂಕವೂ ನಮ್ಮ ಪ್ರವೇಶ ರಿಜಿಸ್ಟರುಗಳಲ್ಲಿವೆ. ಕರಾವಳಿಯ ಮಳೆಯೂ ಗೆದ್ದಲೂ ಅವುಗಳನ್ನು ಹಾಳುಮಾಡುತ್ತಿರುವುದನ್ನು ಕಂಡು, ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ ಗಣಕಯಂತ್ರದಲ್ಲಿಡಲು ನಿಶ್ಚಯಿಸಿದೆವು. ಬೆಂಗಳೂರಿನಲ್ಲಿ ಇಂತಹ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ಬಂದು ಈ ಕೆಲಸವನ್ನು ಕೈಗೊಂಡಳು. ಅವಳು ಆರಿಸಿಕೊಂಡದ್ದು ‘ಸೆಫ್’ ಎಂಬ ತಂತ್ರಾಂಶವನ್ನು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಾಂತಾ ಕ್ರೂಜ್ ಶಾಖೆಯಲ್ಲಿ ಸೇಜ್ ವೈಲ್ ಎಂಬವರು ನಡೆಸಿದ ಸಂಶೋಧನೆಯಿಂದ ಹುಟ್ಟಿದ ಇದು ೨೦೦೬ರಲ್ಲಿ ಪ್ರಬಂಧರೂಪವಾಗಿ ವಿದ್ವಾಂಸರ ಮುಂದೆ ಬಂದಿತು; ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು.

ಇದರ ಕ್ರಮವೇನೆಂದರೆ, ಒಂದೊಂದು ಡಿಸ್ಕಿನ ಮೇಲೂ ಒಂದೊಂದು ಸರ್ವರ್ ಪ್ರಕ್ರಿಯೆ ಹಗಲಿರುಳೂ ಕಾವಲಿದ್ದು, ಕೊಟ್ಟದ್ದನ್ನು ಇಟ್ಟುಕೊಂಡು, ಕೇಳಿದಾಗ ತೆಗೆದುಕೊಡುತ್ತದೆ. ಇದಕ್ಕೆ ಒ.ಎಸ್.ಡಿ. ಎಂದು ಹೆಸರು. ಬೇರೆ ಅಪ್ಪಣೆ ಇಲ್ಲದಿದ್ದರೆ ಒಂದೊಂದೂ ಸುಮಾರು ೪ ಗಿಗಾಬೈಟ್ ಸ್ಮೃತಿಯನ್ನು ಬಳಸುವುದರಿಂದ, ಮೂರು ಡಿಸ್ಕುಗಳುಳ್ಳ ಯಂತ್ರಕ್ಕೆ ೧೬ ಗಿಗಾಬೈಟ್ ಹಾಕಿಸಿದೆವು. ಯಾರು ಹಾಜರು, ಯಾರು ಗೈರುಹಾಜರು ಎಂದು ನೋಡಿಕೊಳ್ಳುವ ಪ್ರಕ್ರಿಯೆಗಳಿಗೆ ‘ಮಾನಿಟರ್’ ಎಂದೇ ಹೆಸರು. ಅದು ನಮ್ಮ ತರಗತಿಗಳಿಗೆ ಹೊಸದಲ್ಲವಷ್ಟೆ. ಬಹುಮತವಿಲ್ಲದೆ ಇವು ಏನನ್ನೂ ತೀರ್ಮಾನಿಸವಾದ್ದರಿಂದ ಮೂರನ್ನು ನೇಮಿಸುವುದು ವಾಡಿಕೆ. ಪ್ರತಿಯೊಂದು ಪುಟಕ್ಕೂ ಮೂರು ಪ್ರತಿಗಳು; ಎರಡಾದರೂ ಕೈಗೆ ಸಿಕ್ಕದೆ ಹೋದರೆ ಆ ಪುಟ ತೆರೆಯದು.

ಮೊದಲಿಗೆ ನಮ್ಮಲ್ಲಿದ್ದುದು ಒಂದೇ ಯಂತ್ರ. ಆದಕಾರಣ ಮೂರು ಪ್ರತಿಗಳನ್ನು ಮೂರು ಡಿಸ್ಕುಗಳಲ್ಲಿಟ್ಟರೆ ಸಾಕೆಂದು ನಿಯಮ ಬರೆಯಲಾಯಿತು. ಅನಂತರ ದಾನಿಗಳ ಔದಾರ್ಯದಿಂದ ಅಂಥವೇ ಇನ್ನೆರಡು ಯಂತ್ರಗಳು ಬಂದು, ಡಿಸ್ಕುಗಳು ಒಂಬತ್ತಾದವು. ಯಂತ್ರಕ್ಕೊಂದರಂತೆ ಮಾನಿಟರುಗಳೂ ನೆಲೆಗೊಂಡವು.

ಆಗ ಆ ಹುಡುಗಿ, “ಟೀಚರೇ, ಹಳೆಯ ನಿಯಮವನ್ನು ಬದಲಿಸಬೇಕು. ಪ್ರತಿಗಳು ಬೇರೆ ಬೇರೆ ಡಿಸ್ಕಿನಲ್ಲಿದ್ದರೆ ಸಾಲದು, ಬೇರೆ ಬೇರೆ ಯಂತ್ರದಲ್ಲಿರಬೇಕು. ಅವು ಸ್ಥಳ ಬದಲಿಸುವಾಗ ಒಂದೆರಡು ದಿನ ಕೆಲಸ ನಿಧಾನವಾದೀತು,” ಎಂದಳು. ವಾರ್ಷಿಕೋತ್ಸವಕ್ಕೆ ಎರಡೇ ದಿನವಿತ್ತು. ಅತಿಥಿಗಳ ಮುಂದೆ ನಿಧಾನವಾದರೆ ಅಂದಗೆಡುವುದೆಂದು ಎಣಿಸಿ, “ಉತ್ಸವ ಮುಗಿಯಲಿ, ಮಗು,” ಎಂದೆವು. ಉತ್ಸವ ಮುಗಿಯಿತು, ಅವಳು ಊರಿಗೆ ಹೋದಳು, ನಾವು ಮರೆತೆವು.

ಆಷಾಢದ ಒಂದು ರಾತ್ರಿ ಸಿಡಿಲಿಗೆ ಒಂದು ಯಂತ್ರದ ವಿದ್ಯುದ್ಭಾಗ ಸುಟ್ಟುಹೋಯಿತು. ಉಳಿದ ಇಬ್ಬರು ಮಾನಿಟರುಗಳು ಬಹುಮತದಿಂದ ಕೆಲಸ ನಡೆಸಿದ್ದರಿಂದ ನಾವು ನಿಶ್ಚಿಂತೆಯಿಂದಿದ್ದೆವು. ಮರುದಿನವೇ, ನಮ್ಮಲ್ಲಿ ಓದಿ ದಾದಿಯಾಗಿ ದುಡಿದು ನಿವೃತ್ತರಾದ ವೃದ್ಧೆಯೊಬ್ಬರು, ಪಿಂಚಣಿಗಾಗಿ ಜನ್ಮದಿನಾಂಕದ ದಾಖಲೆ ಬೇಕೆಂದು ಎರಡು ಬಸ್ಸು ಬದಲಿಸಿ ಮಳೆಯಲ್ಲಿ ಬಂದರು. ಅವರ ಪುಟದ ಹಿಂದಿನದು ತೆರೆಯಿತು, ಮುಂದಿನದೂ ತೆರೆಯಿತು. ಅವರದು ಮಾತ್ರ ತೆರೆಯಲಿಲ್ಲ. ಮೂಲ ರಿಜಿಸ್ಟರು ರಟ್ಟು ಹಾಕಿಸಲು ಪರವೂರಿಗೆ ಹೋಗಿತ್ತು.

“ಮೂರು ಕಡೆ ಬರೆದಿಟ್ಟಿದ್ದೀರೆಂದು ಕೇಳಿದ್ದೆನಲ್ಲಾ, ಅಮ್ಮಾ?” ಎಂದರು ಅವರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಸಂಜೆ ನಮ್ಮ ಗಣಿತದ ಉಪಾಧ್ಯಾಯಿನಿಯವರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಒಂಬತ್ತು ಡಿಸ್ಕುಗಳಿಂದ ಮೂರನ್ನು ಆರಿಸಲು ೮೪ ಬಗೆಗಳಿವೆ; ಅವುಗಳಲ್ಲಿ ೧೯ರಲ್ಲಿ ಎರಡು ಪ್ರತಿಗಳಾಗಲಿ ಮೂರೂ ಆಗಲಿ ಕೆಟ್ಟುನಿಂತ ಆ ಒಂದೇ ಯಂತ್ರಕ್ಕೆ ಬೀಳುತ್ತವೆ. ನಾವು ಎಣಿಸಿದ್ದು ಪ್ರತಿಗಳನ್ನು. ಅವು ಎಲ್ಲಿ ಕುಳಿತಿವೆ ಎಂಬುದನ್ನು ನೋಡಿರಲಿಲ್ಲ.

ಆರನೆಯ ದಿನ ಯಂತ್ರ ದುರಸ್ತಾಯಿತು, ಪುಟ ಸುರಕ್ಷಿತವಾಗಿತ್ತು. ದಾಖಲೆಯನ್ನು ನಾವೇ ಆ ತಾಯಿಯ ಮನೆಗೆ ಕೊಂಡುಹೋಗಿ ಕೊಟ್ಟು ಕ್ಷಮೆ ಬೇಡಿದೆವು. ನಮ್ಮ ಹುಡುಗಿ ಬೆಂಗಳೂರಿನಿಂದಲೇ ನಿಯಮವನ್ನು ತಿದ್ದಿದಳು. ಪ್ರತಿಗಳು ತಾವಾಗಿಯೇ ಯಂತ್ರಕ್ಕೊಂದರಂತೆ ಸರಿದುಕೊಂಡವು. ಬಳಿಕ ನಾವೇ ನಿಂತು ಒಂದು ಯಂತ್ರವನ್ನು ಆರಿಸಿ ಪರೀಕ್ಷಿಸಿದೆವು. ಎಲ್ಲ ಪುಟಗಳೂ ತೆರೆದವು.

ಆದರೂ ಮೂರು ಯಂತ್ರಗಳಿರುವುದು ಒಂದೇ ಮಾಡಿನ ಕೆಳಗೆ. ಆದಕಾರಣ ಇನ್ನೊಂದು ಪ್ರತಿಯನ್ನು ಬೇರೊಂದು ಊರಿನಲ್ಲಿರಿಸಿದ್ದೇವೆ. ರಟ್ಟು ಕಟ್ಟಿದ ಹಳೆಯ ರಿಜಿಸ್ಟರುಗಳೂ ಕಪಾಟಿನಲ್ಲಿವೆ. ಉತ್ಸವಕ್ಕೆ ಬಂದಾಗ ದಫ್ತರಿಗೂ ಬಂದು ನಿಮ್ಮ ನಿಮ್ಮ ಪುಟವನ್ನು ಕೇಳಿರಿ. ತೆರೆಯದಿದ್ದರೆ ನಮ್ಮನ್ನು ಗದರಿಸಲು ಸಂಕೋಚಪಡಬೇಡಿರಿ.