ತಂದೆಯವರ ಜಾವಾ

1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಬೈಕೊಂದನ್ನು ನಾವು ಅಣ್ಣತಮ್ಮಂದಿರು ಮೈಸೂರಿನಿಂದಲೇ ಕೊಂಡು ಕಾಸರಗೋಡಿಗೆ ತಂದೆವು. ತೀರಿಹೋದ ತಂದೆಯವರಲ್ಲಿ ಅಂಥದೇ ಇತ್ತು. ಅಕ್ಕನ ಮದುವೆಗೆಂದು ಮಾರಿದ್ದರು.

ಹಣ ಕೊಟ್ಟದ್ದು ಸುಲಭ, ಕಾಗದ ಕಷ್ಟ. 12 ತಿಂಗಳು ಮೀರಿ ಬೇರೆ ರಾಜ್ಯದಲ್ಲಿಡುವ ವಾಹನಕ್ಕೆ ಅಲ್ಲಿಯ ನಂಬರು ಬೇಕೆಂದು 1988ರ ಮೋಟಾರು ವಾಹನ ಕಾಯಿದೆ. ಅದಕ್ಕೂ ಮೊದಲು ಹಳೆಯ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲು ತೀಡಿದೆವು. ತುಕ್ಕಿನಿಂದ ಒಂದಂಕಿ ಮಸಕು. ಮೂರೋ ಎಂಟೋ ಎಂದು ನಮ್ಮೊಳಗೇ ಜಗಳ! (ಮಕ್ಕಳ ಕಾಪಿ ತಿದ್ದಿದಂತೆ ಇದನ್ನು ತಿದ್ದುವಂತಿಲ್ಲವಷ್ಟೆ.) ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದಾಗ ಎಂಟು ಕಂಡಿತು.

ತೆರಿಗೆ ಕಟ್ಟಿ, ತಪಾಸಣೆ ಮುಗಿದು ಕೇರಳದ ನಂಬರು ಬಂತು. ತಮ್ಮ ಹಳೆಯ ಫಲಕ ಬಿಚ್ಚಿ ಕಿಕ್ ಹೊಡೆದ. ಅಡಿಗೆಮನೆಯಿಂದ ಅಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಶಬ್ದ ಅದೇ," ಎಂದರು.