ಮಿತವ್ಯಯವೂ ಒಂದು ದಾಸೋಹ

ಶ್ರೀಮಠದ ವಿದ್ಯಾಲಯದ ಸ್ಮರಣ ಸಂಚಿಕೆಗೆ ವಿದ್ಯಾರ್ಥಿಗಳಿಗೆ ಉಪಯುಕ್ತವಾಗುವಂಥದನ್ನು ಬರೆಯಬೇಕೆಂದು ಪೂಜ್ಯರ ಅಪ್ಪಣೆಯಾಯಿತು. ಛಂದಸ್ಸು, ಅಲಂಕಾರಗಳನ್ನು ಬೋಧಿಸುತ್ತ ಬಂದ ನಾನು ಈ ಸಲ ಒಲೆಯ ಮಾತನ್ನೂ ದೀಪದ ಮಾತನ್ನೂ ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು.

ನಾನು ಬೆಳೆದುದು ತುಂಗಭದ್ರೆಯ ದಡದ ಮುಕ್ಕುಂದದಲ್ಲಿ. ನಮ್ಮ ಅವ್ವ ಇದ್ದಷ್ಟರಲ್ಲಿಯೇ ಮನೆ ನಡೆಸಿದವಳು. ಬೇಳೆಯನ್ನು ಮೊದಲೇ ನೆನೆಯಿಟ್ಟು ಒಲೆಗೆ ಏರಿಸುವಳು. ಗಡಿಗೆಯ ಮುಚ್ಚಳ ತೆಗೆಯಗೊಡಳು. ಎಸರು ಕುದಿಯಿತೆಂದರೆ ಎರಡು ತೊಗರಿಕಟ್ಟಿಗೆಗಳನ್ನು ಹಿಂದಕ್ಕೆಳೆದು, ಆರಿಸಿ, ಮರುದಿನಕ್ಕೆ ತೆಗೆದಿಡುವಳು. ರೊಟ್ಟಿ ಮುಗಿದ ಮೇಲೆ ಉಳಿದ ಕೆಂಡದ ಮೇಲೆ ಹಾಲು ಕಾಯುವುದು. ಒಂದು ಸಂಜೆ ಪಡಸಾಲೆಯಲ್ಲಿ ಬೀಗರು ಕುಳಿತಿದ್ದರು. ಅವರೆಲ್ಲ ನೋಡುತ್ತಿರುವಂತೆಯೇ ಅವಳು ಒಳಕೋಣೆಯ ಚಿಮಣಿಯನ್ನು ಊದಿ ಆರಿಸಿದಳು. ಆಗತಾನೆ ನಾಲ್ಕು ಅಕ್ಷರ ಕಲಿತಿದ್ದ ನನಗೆ ನಾಚಿಕೆಯಾಗಿ, “ಎಷ್ಟು ಜಿಪುಣಿ ಇದ್ದೀಯವ್ವ!” ಎಂದುಬಿಟ್ಟೆ. ಅವಳು ಸಿಟ್ಟಾಗಲಿಲ್ಲ. “ಯಾರೂ ಇಲ್ಲದ ಖೋಲ್ಯಾಗ ದೀಪ ಯಾರಿಗಿ ಉರೀಬೇಕು ತಮ್ಮಾ?” ಎಂದಷ್ಟೇ ಕೇಳಿದಳು. ಬೀಗರು ಮಲಗಿದ ಮೇಲೆ ಅದೇ ಚಿಮಣಿಯನ್ನು ಹಚ್ಚಿ ನನ್ನ ಪುಸ್ತಕದ ಮುಂದೆ ತಂದಿರಿಸಿದಳು. ತಪ್ಪಾಯಿತೆಂದು ನಾನು ಹೇಳಲಿಲ್ಲ. ಈಗ ಹೇಳೋಣವೆಂದರೆ ಅವಳಿಲ್ಲ.

ಮುಂದೆ ಪಾಠಪ್ರವಚನದಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಬಂದಾಗಲೆಲ್ಲ ಅವ್ವ ನೆನಪಾಗುವಳು. ಲಕ್ಕಮ್ಮ, ಮಾರಯ್ಯ ದಂಪತಿಗಳು ನಮ್ಮದೇ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬುದು ಎಲ್ಲರೂ ಬಲ್ಲ ಕಥೆ. ಆ ಅಕ್ಕಿಗೆ ಯಾರೂ ಬೆಲೆ ಕೇಳುತ್ತಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಪುಕ್ಕಟೆಯಾಗಿ ಸಿಕ್ಕುವುದನ್ನೂ ಅಗತ್ಯ ಮೀರಿ ಮುಟ್ಟಬಾರದೆಂಬುದು ಆ ಶರಣೆಯ ನಿಲುವು.

ಇದನ್ನು ಬೋಧಿಸುತ್ತಿದ್ದ ನಾನೇ ಎಡವಿದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು, 200 ಯೂನಿಟ್ಟುಗಳ ಮಿತಿಯೊಳಗೆ ಮನೆಬಳಕೆಯ ವಿದ್ಯುತ್ತು ಉಚಿತವಾಯಿತು. ಬಡವರಿಗೆ ಅದು ದೊಡ್ಡ ಆಸರೆ. ನನ್ನಲ್ಲಿ ಮಾತ್ರ ಉದಾಸೀನವನ್ನು ಬೆಳೆಸಿತು. ಶಾಲೆಗೆ ಹೊರಡುವಾಗ ಫ್ಯಾನು ನಿಲ್ಲಿಸುವುದನ್ನೇ ಮರೆತೆ. ಹಿಂದಿನ ಸರಾಸರಿ ಬಳಕೆಗೆ ನೂರಕ್ಕೆ 10ರಷ್ಟು ಸೇರಿಸಿ ಗೊತ್ತುಮಾಡಿದ ಪ್ರಮಾಣವನ್ನು ಮೀರಿದ್ದರಿಂದ ಒಂದು ತಿಂಗಳು ಬಿಲ್ಲು ಬಂದಿತು. ಆಗ ಲೆಕ್ಕಕ್ಕೆ ಕುಳಿತೆ. 75 ವ್ಯಾಟಿನ ಫ್ಯಾನು ದಿನಕ್ಕೆ 8 ಗಂಟೆ ವೃಥಾ ತಿರುಗಿದರೆ ತಿಂಗಳಿಗೆ 18 ಯೂನಿಟ್ಟು. 1985ರಿಂದ ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ತು ತೆಗೆಯುತ್ತಿದ್ದಾರೆ. ಒಂದು ಯೂನಿಟ್ಟಿಗೆ ಅರ್ಧ ಕಿಲೋಗೂ ಮಿಕ್ಕಿದ ಕಲ್ಲಿದ್ದಲು ಬೇಕು. ಯಾರೂ ಇಲ್ಲದ ಕೋಣೆಗೆ ಗಾಳಿ ಬೀಸಲು ತಿಂಗಳಿಗೆ 9 ಕಿಲೋಗೂ ಹೆಚ್ಚು ಕಲ್ಲಿದ್ದಲು! ಅವ್ವನ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಂತಿತು.

ಎಡದಂಡೆ ಕಾಲುವೆಯ ಮೇಲ್ಭಾಗದವರು ಮಿತಿಮೀರಿ ನೀರು ಹರಿಸಿಕೊಂಡರೆ ಕೊನೆಭಾಗದ ಹೊಲ ಒಣಗುವುದನ್ನು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ವಿದ್ಯುತ್ತಿನದೂ ಅದೇ ನ್ಯಾಯ. ನಾವು ಬಿಟ್ಟುಕೊಟ್ಟದ್ದು ಇನ್ನೊಬ್ಬರಿಗೆ ಒದಗುತ್ತದೆ. ಆದುದರಿಂದ ಮಿತವ್ಯಯವು ಜಿಪುಣತನವಲ್ಲ. ಕಣ್ಣಿಗೆ ಕಾಣದವರಿಗೆ ಮಾಡುವ ದಾಸೋಹ.

ಇದಕ್ಕೆ ಮಹಾವ್ರತಗಳೇನೂ ಬೇಡ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ಟು. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ ದೀಪಕ್ಕೆ ಒಂದೂವರೆ ಯೂನಿಟ್ಟೂ ಬೇಡ. ಬೇಳೆ ನೆನೆಯಲಿ, ಪಾತ್ರೆಗೆ ಮುಚ್ಚಳವಿರಲಿ, ಕುದಿ ಬಂದ ಮೇಲೆ ಗ್ಯಾಸಿನ ಉರಿ ಸಣ್ಣದಾಗಲಿ, ಟಿ.ವಿ. ಗೋಡೆಯ ಗುಂಡಿಯಲ್ಲಿಯೇ ಆರಲಿ. ಉಳಿದ ಹಣ ಒಂದು ಪುಸ್ತಕಕ್ಕಾದೀತು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ತಾಯಿಯೋ ಅಜ್ಜಿಯೋ ಬರಿದಾದ ಕೋಣೆಯ ದೀಪವನ್ನು ಆರಿಸಿದರೆ ನಾನಂದ ಮಾತನ್ನು ನೀವು ಅನ್ನಬೇಡಿರಿ. ಅವರಿಗಿಂತ ಮೊದಲು ನಿಮ್ಮ ಕೈ ಆ ಗುಂಡಿಯ ಮೇಲಿರಲಿ. ಶರಣು.